ಮಾಂಡೋವಿ ಸೇತುವೆಯ ಕಥೆ ಜನಕ್ಕೆ ತಿಳಿಯಲಿ

ಮಾನ್ಯ ಸಂಪಾದಕರೇ,

ಪಣಜಿಯ ಮಾಂಡೋವಿ ಸೇತುವೆ ಮೇಲೆ ದಿನಾ ಓಡಾಡುವ ನಮ್ಮ ಕನ್ನಡದ ಹುಡುಗರಲ್ಲಿ ಬಹಳ ಜನಕ್ಕೆ ಅದರ ಹಿಂದಿನ ಕಥೆಯೇ ಗೊತ್ತಿಲ್ಲ. ಇಲ್ಲಿ ಮೊದಲಿದ್ದ ಸೇತುವೆ ತೆರೆದದ್ದು 1970ರಲ್ಲಿ. 1986ರ ಜುಲೈ 5ರಂದು, ಮಳೆಗಾಲದಲ್ಲಿ, ಅದು ಕುಸಿದು ಬಿತ್ತು. ಬರೀ 16 ವರ್ಷ! ಕಾಂಕ್ರೀಟಿನೊಳಗೆ ಬಿಗಿದಿದ್ದ ಉಕ್ಕಿನ ತಂತಿಗಳಿಗೆ ತುಕ್ಕು ಹಿಡಿದಿತ್ತು. ಹೊರಗಿಂದ ನೋಡಿದರೆ ಗೊತ್ತಾಗುವಂಥದ್ದಲ್ಲ ಅದು. 1992ರಲ್ಲಿ ಹೊಸ ಸೇತುವೆ ಬರುವವರೆಗೂ ಪಣಜಿ ಮತ್ತು ಆಚೆ ದಡದ ಬೆತಿಂ ನಡುವೆ ಜನ ಫೆರಿ ದೋಣಿಗಳನ್ನೇ ನಂಬಬೇಕಾಯಿತು. ಅದೇ ನದಿಗೆ ಕೇಬಲ್ಲುಗಳ ಇನ್ನೊಂದು ಸೇತುವೆ, ಅಟಲ್ ಸೇತು, ಬಂದದ್ದು 2019ರಲ್ಲಿ.

ಪಕ್ಕದಲ್ಲೇ ರಿಬಂದರ್ ಕಡೆ ಹೋಗುವ ಪೋಂತೆ ದಿ ಲಿನ್ಹಾರಿಸ್ ಅನ್ನೋ ಹಳೆಯ ಸೇತುವೆ-ರಸ್ತೆ ಇದೆ. ಉಪ್ಪಿನ ಗದ್ದೆಗಳ ನಡುವೆ 1633–34ರಲ್ಲಿ ಪೋರ್ಚುಗೀಸರು ಕಟ್ಟಿಸಿದ್ದು, ಸುಮಾರು 3 ಕಿ.ಮೀ. ಉದ್ದ. ಇವತ್ತಿಗೂ ಅದರ ಮೇಲೆ ಗಾಡಿಗಳು ಓಡುತ್ತಿವೆ.

ಈ ಎರಡೂ ಕಥೆ ಹೇಳುವ ದೊಡ್ಡ ಫಲಕವೊಂದನ್ನು ಕದಂಬ ಬಸ್ ನಿಲ್ದಾಣದ ಹತ್ತಿರ ಹಾಕಲಿ. ಕೊಂಕಣಿ, ಮರಾಠಿ ಜೊತೆ ಕನ್ನಡವೂ ಇರಲಿ. ಮಾಂಡೋವಿ, ಅಂದರೆ ನಮ್ಮ ಮಹದಾಯಿ ನದಿ, ಹುಟ್ಟುವುದು ನಮ್ಮ ಖಾನಾಪುರದ ಕಾಡಲ್ಲೇ ಅಲ್ವಾ? ಈಗಿರುವ ಸೇತುವೆಗಳ ತಪಾಸಣೆ ಕೊನೆಗೆ ಯಾವಾಗ ಆಯಿತು ಅನ್ನುವುದನ್ನೂ ಅದೇ ಫಲಕದಲ್ಲಿ ಬರೆಯಲಿ.

– ಒಬ್ಬ ಓದುಗ, ಪಣಜಿ