ಶಾಸಕರೇ, ಆ ಫೋಟೋದ ಒಂದು ಕಾಪಿ ಕೊಡಿ

ಮಾನ್ಯ ಶಾಸಕರಿಗೆ ನಮಸ್ಕಾರ.

ನಮ್ಮೂರಿನ ಹುಡುಗರು ನಿಮ್ಮನ್ನು ಅಣ್ಣ ಅಂತ ಕರೆಯುತ್ತಾರೆ. ನಾನು ವಯಸ್ಸಿನಲ್ಲಿ ನಿಮಗಿಂತ ದೊಡ್ಡವನು, ಸಾರ್ ಅಂತಲೇ ಬರೆಯುತ್ತೇನೆ. ಕ್ಷೇತ್ರದ ಹೆಸರು ಬೇಕಂತಲೇ ಹಾಕಿಲ್ಲ. ಮಂಡ್ಯ ಜಿಲ್ಲೆಯಲ್ಲಿ ಏಳು ಕ್ಷೇತ್ರಗಳಿವೆ. ಏಳೂ ಜನ ಇದು ತಮಗೇ ಬರೆದದ್ದು ಅಂದುಕೊಂಡರೂ ನನಗೇನೂ ನಷ್ಟವಿಲ್ಲ.

ಭರಣಿ ಮಳೆಯ ಹೊತ್ತಿಗೆ ನೀವು ನಮ್ಮ ಬಾಳೆ ತೋಟಕ್ಕೆ ಬಂದಿದ್ದಿರಿ. ನೆನಪಿದೆಯಾ? ಗಾಳಿ ಬೀಸಿದ ಮಾರನೇ ದಿನ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ನೆಲಕ್ಕೆ ಬಿದ್ದಿದ್ದ ಒಂದು ಗೊನೆ ಎತ್ತಿ ಹಿಡಿದಿರಿ. ಗೊನೆ ಭಾರ ಇತ್ತು, ಪಕ್ಕದವರೊಬ್ಬರು ಕೆಳಗಿನಿಂದ ಕೈ ಕೊಟ್ಟರು. ಫೋಟೋ ತೆಗೆದರು. ಸಂಜೆ ಅದು ನಿಮ್ಮ ಪೇಜಿನಲ್ಲಿ ಬಂತು. ಬಲಗಡೆ ತುದಿಯಲ್ಲಿ ಹಸಿರು ಟವೆಲ್ ಹಾಕಿಕೊಂಡ ಒಂದು ಬೆನ್ನು ಕಾಣುತ್ತಲ್ಲ, ಅದು ನನ್ನದು.

ಆ ಫೋಟೋದ ವಿಷಯಕ್ಕೇ ಈ ಪತ್ರ.

ಮೊದಲು ಆವತ್ತಿನ ಗಾಳಿಯ ಕಥೆ ಹೇಳುತ್ತೇನೆ, ನೀವು ಬಂದಾಗ ಎಲ್ಲ ಮುಗಿದಿತ್ತು. ಮಧ್ಯಾಹ್ನ ಮೂರರವರೆಗೂ ಉರಿ ಬಿಸಿಲು. ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ನಾಲ್ಕೂವರೆಗೆ ಮೂಡಲ ಕಡೆ ಮೋಡ ಕಟ್ಟಿತು. ಮೊದಲು ಧೂಳು ಬಂತು, ಆಮೇಲೆ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಕೊಟ್ಟಿಗೆಯ ಎರಡು ಶೀಟು ಎದ್ದು ಹೋಗಿ ಪಕ್ಕದ ಕಬ್ಬಿನ ಗದ್ದೆಯಲ್ಲಿ ನಾಟಿಕೊಂಡವು. ಹಸುಗಳನ್ನು ಬಿಚ್ಚಲೋ, ಮನೆಯವಳನ್ನು ಒಳಗೆ ಕರೆಯಲೋ ಅಂತ ಯೋಚಿಸುವಷ್ಟರಲ್ಲಿ ತೋಟದ ಕಡೆಯಿಂದ ಸದ್ದು ಶುರುವಾಯಿತು. ಬಾಳೆ ಮುರಿಯುವ ಸದ್ದು ಮರ ಮುರಿದ ಹಾಗಿರುವುದಿಲ್ಲ ಸಾರ್. ಒದ್ದೆ ಗೋಣಿಚೀಲ ನೆಲಕ್ಕೆ ಎಸೆದ ಹಾಗಿರುತ್ತದೆ. ಒಂದಾದ ಮೇಲೆ ಒಂದು, ಎಣಿಸುವುದಕ್ಕೆ ಆಗದ ಹಾಗೆ. ಇಪ್ಪತ್ತು ನಿಮಿಷ ಅಷ್ಟೇ. ಮಳೆ ಬಂದದ್ದು ಆಮೇಲೆ, ಅದೂ ನೆಲ ಸರಿಯಾಗಿ ನೆನೆಯುವಷ್ಟಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಇದು ಹೊಸದೇನಲ್ಲ. ನೆಲ ಕಾದು ಬಿಸಿ ಗಾಳಿ ಮೇಲೇರುತ್ತದೆ, ಸಮುದ್ರದ ಕಡೆಯಿಂದ ಬಂದ ತೇವ ಸೇರಿ ಮೋಡ ಗೋಪುರದ ಹಾಗೆ ಬೆಳೆಯುತ್ತದೆ. ಒಳಗೆ ಮಳೆ ಹನಿಯಿಂದ ತಣ್ಣಗಾದ ಗಾಳಿ ಭಾರವಾಗಿ ದಬಕ್ಕನೆ ಕೆಳಗೆ ಬಿದ್ದು ನಾಲ್ಕೂ ಕಡೆ ನುಗ್ಗುತ್ತದೆ. ಬಾಳೆಯ ದಿಂಡು ಅಂದರೆ ನೀರು ತುಂಬಿದ ಪಟ್ಟೆಗಳ ಸುತ್ತು, ಬೇರು ಆಳಕ್ಕೆ ಹೋಗುವುದಿಲ್ಲ. ತಲೆಯ ಮೇಲೆ ಇಪ್ಪತ್ತು ಕೆಜಿ ಗೊನೆ ಹೊತ್ತುಕೊಂಡು ಅದು ಈ ಗಾಳಿಗೆ ಎಷ್ಟು ಹೊತ್ತು ನಿಂತೀತು?

ನನ್ನದು 30 ಗುಂಟೆ, 750 ಗಿಡ. ಬಿದ್ದದ್ದು 500. ಇನ್ನು ಒಂದು ತಿಂಗಳು ಬಿಟ್ಟಿದ್ದರೆ ಕಟಾವು. ಎಳೇ ಗೊನೆಯನ್ನು ಯಾವ ವ್ಯಾಪಾರಿಯೂ ಮುಟ್ಟುವುದಿಲ್ಲ. ಹಸುಗಳಿಗೆ ಒಂದು ವಾರ ಹಬ್ಬ ಆಯಿತು.

ನೀವು ಹೋದ ಮೇಲೆ ನಾನು ಅರ್ಜಿ ಹಿಡಿದು ಆಫೀಸಿಗೆ ಹೋದೆ. ಪಹಣಿ ತೆಗೆದು ನೋಡಿದರು. ಬೆಳೆ ಕಾಲಂನಲ್ಲಿ ಕಬ್ಬು ಅಂತ ಇತ್ತು. ಹಿಂದಿನ ಸಲ ಕಬ್ಬೇ ಇತ್ತು, ಸುಳ್ಳೇನಲ್ಲ. ಬಾಳೆ ಹಾಕಿದ ಮೇಲೆ ಬೆಳೆ ಸಮೀಕ್ಷೆಯವರು ನಮ್ಮ ಜಮೀನಿಗೆ ಬಂದ ನೆನಪು ನನಗಿಲ್ಲ. "ಬಾಳೆ ಇತ್ತು ಅನ್ನುವುದಕ್ಕೆ ದಾಖಲೆ ಏನಿದೆ?" ಅಂದರು. ಶಾಸಕರ ಪೇಜಿನಲ್ಲಿದೆ ಅಂದೆ. ಅವರು ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡುವುದು.

ಆಮೇಲೆ ಇನ್ನೊಂದು ತೊಡಕು ಬಂತು. ಕೇಂದ್ರ ಸರ್ಕಾರದ ವಿಪತ್ತು ಪರಿಹಾರದ ನಿಯಮ 2022ರಲ್ಲಿ ಪರಿಷ್ಕರಣೆ ಆಯಿತಲ್ಲ, ಅದರ ಪಟ್ಟಿಯಲ್ಲಿ 12 ವಿಪತ್ತುಗಳಿವೆ. ಬರ, ಪ್ರವಾಹ, ಭೂಕಂಪ, ಸುನಾಮಿ, ಹಿಮಕುಸಿತ, ಕೀಟಬಾಧೆ ಎಲ್ಲ ಇವೆ. ಮಂಡ್ಯಕ್ಕೆ ಸುನಾಮಿ ಬಂದರೆ ನಮಗೆ ಪರಿಹಾರ ಖಂಡಿತ ಸಿಗುತ್ತದೆ. ಚಂಡಮಾರುತ ಇದೆ, ಅದು ಸಮುದ್ರದಲ್ಲಿ ಹುಟ್ಟಿ ಬರುವಂಥದ್ದು. ಆಲಿಕಲ್ಲು ಇದೆ. ಬರೀ ಬಿರುಗಾಳಿ ಇಲ್ಲ. ಸಿಡಿಲೂ ಇಲ್ಲ. ಎಷ್ಟೋ ಕಡೆ ಗಾಳಿ-ಮಳೆ ಅಂತ ಒಟ್ಟಿಗೆ ಬರೆದು ಕೊಟ್ಟಿದ್ದಾರೆ, ಗೊತ್ತು. ಆದರೆ ಅದು ಬರೆಯುವವರ ಮನಸ್ಸಿಗೆ ಬಿಟ್ಟದ್ದು. ನಮ್ಮಲ್ಲಿ ಆವತ್ತು ಬಿದ್ದ ಮಳೆಯನ್ನು ಅತಿವೃಷ್ಟಿ ಅಂತ ಬರೆಯಲು ಅವರಿಗೆ ಕೈ ಬರಲಿಲ್ಲ.

ಬರೆದಿದ್ದರೂ ಎಷ್ಟು ಬರುತ್ತಿತ್ತು ಅಂತ ನಾನೇ ಲೆಕ್ಕ ಹಾಕಿದ್ದೇನೆ. ಅದೇ ನಿಯಮದ ಪ್ರಕಾರ ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000 ರೂಪಾಯಿ. ಅಂದರೆ ಗುಂಟೆಗೆ 170ರ ಆಸುಪಾಸು. ಬಹುವಾರ್ಷಿಕ ಬೆಳೆ ಅಂತ ಹಿಡಿದರೆ ಹೆಕ್ಟೇರಿಗೆ 22,500. ಹೇಗೆ ತಿರುಗಿಸಿದರೂ ನನ್ನ 30 ಗುಂಟೆಗೆ ಏಳು ಸಾವಿರ ಮುಟ್ಟುವುದಿಲ್ಲ. ಅದೂ ನಷ್ಟ ಶೇ 33 ಮುಟ್ಟಿದ್ದರೆ ಮಾತ್ರ. ಪಕ್ಕದ ಜಮೀನಿನವರದ್ದು 200 ಗಿಡ ಬಿದ್ದಿವೆ, ನನ್ನಷ್ಟೇ ಜಾಗ, ನನ್ನಷ್ಟೇ ಗಿಡ. ಶೇ 27 ಆಗುತ್ತದೆ. ಅವರಿಗೆ ಸೊನ್ನೆ. ಅದರಾಚೆ ಗುತ್ತಿಗೆಗೆ ಮಾಡಿದವನ ತೋಟ ಪೂರ್ತಿ ಮಲಗಿದೆ. ಹಣ ಬಂದರೆ ಪಹಣಿಯಲ್ಲಿ ಹೆಸರಿರುವ ಬೆಂಗಳೂರಿನ ಮಾಲೀಕರ ಅಕೌಂಟಿಗೆ. ಅವರಿಗೆ ಗಾಳಿ ಬೀಸಿದ್ದೂ ಗೊತ್ತಿಲ್ಲ.

ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬರ ಬಂದರೆ ರಾಜಕೀಯಕ್ಕೆ ಬೆಲೆ ಇದೆ. 2023ರ ಬರದಲ್ಲಿ ರಾಜ್ಯ 18 ಸಾವಿರ ಕೋಟಿಗೂ ಜಾಸ್ತಿ ಕೇಳಿತು, ಸುಪ್ರೀಂ ಕೋರ್ಟಿನವರೆಗೂ ಹೋಯಿತು, 2024ರ ಏಪ್ರಿಲ್‌ನಲ್ಲಿ ಕೇಂದ್ರ ಕೊಟ್ಟದ್ದು 3,454 ಕೋಟಿ. ಎಲೆಕ್ಷನ್ ಭಾಷಣ ಎಲ್ಲ ಅದರ ಮೇಲೇ ನಡೆಯಿತು. ನಮ್ಮ ಗಾಳಿ ಹಾಗಲ್ಲ. ಊರಿನ ಈ ತುದಿಯಲ್ಲಿ ಬೀಸುತ್ತದೆ, ಆ ತುದಿಯಲ್ಲಿ ರಾಗಿ ಒಣಗಿಸುತ್ತಿರುತ್ತಾರೆ. ಹೆಚ್ಚೆಂದರೆ ನಲವತ್ತು ಮನೆ, ನೂರಿಪ್ಪತ್ತು ವೋಟು. ಇದಕ್ಕೆ ಯಾರು ಕೋರ್ಟಿಗೆ ಹೋಗುತ್ತಾರೆ? ಗಾಳಿ ಬಂದಾಗ ತೂರಿಕೋ ಅನ್ನುವ ಗಾದೆಯನ್ನು ಎಲ್ಲ ಪಕ್ಷದವರೂ ಚೆನ್ನಾಗಿ ಕಲಿತಿದ್ದಾರೆ. ಈ ಗಾಳಿಯಲ್ಲಿ ತೂರುವುದಕ್ಕೆ ಏನೂ ಇಲ್ಲ, ಅದಕ್ಕೇ ಒಂದು ಫೋಟೋಗೆ ಮುಗಿಯಿತು.

ಕೇಂದ್ರ ಕೊಡಲಿಲ್ಲ ಅಂತ ನೀವು ಹೇಳುವ ಹಾಗೂ ಇಲ್ಲ. ರಾಜ್ಯ ವಿಪತ್ತು ನಿಧಿಯಲ್ಲಿ ಶೇ 10ರವರೆಗೆ, ತನ್ನಲ್ಲೇ ಕಾಡುವ ವಿಪತ್ತು ಇದು ಅಂತ ರಾಜ್ಯವೇ ಗುರುತಿಸಿ ಖರ್ಚು ಮಾಡಬಹುದು. ಸದನದಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳಿ ಸಾರ್: ಮುಂಗಾರಿಗೆ ಮುಂಚಿನ ಬಿರುಗಾಳಿಯನ್ನು ಹೆಸರು ಹಿಡಿದು ಅದರಲ್ಲಿ ಯಾಕೆ ಬರೆಯಬಾರದು? ಇನ್ನೊಂದು, ಪಂಚಾಯಿತಿಗೊಂದು ಮಳೆಮಾಪಕ ಇದೆ, ಗಾಳಿ ಅಳೆಯುವುದು ಹೋಬಳಿ ಮಟ್ಟದಲ್ಲಿ. ಒಂದು ಮೈಲಿ ಅಗಲದ ಗಾಳಿ ಅಲ್ಲಿಗೆ ಹೇಗೆ ತಿಳಿಯಬೇಕು? ಬಾಳೆಗೆ ಆಸರೆ ಕೊಡುವ ಸರ್ವೆ ಮರದ ಗಳಕ್ಕೆ ಸ್ವಲ್ಪ ಸಬ್ಸಿಡಿ ಕೊಟ್ಟರೂ ಸಾಕು, ಅರ್ಧ ಗಿಡ ಉಳಿಯುತ್ತವೆ. ಕರೆಂಟ್ ಕಂಬದ ವಿಷಯ ಬರೆಯಲು ಹೋದರೆ ಇನ್ನೊಂದು ಪತ್ರ ಆಗುತ್ತದೆ. ನಾಲ್ಕು ದಿನ ಟ್ರ್ಯಾಕ್ಟರ್ ಬ್ಯಾಟರಿಯಿಂದ ಮೊಬೈಲ್ ಚಾರ್ಜ್ ಮಾಡಿಕೊಂಡೆವು ಅಂತ ಮಾತ್ರ ಹೇಳಿ ಬಿಡುತ್ತೇನೆ.

ಸದ್ಯಕ್ಕೆ ನನಗೆ ಬೇಕಿರುವುದು ಆ ಫೋಟೋ. ಪೇಜಿನಲ್ಲಿ ಇರುವುದಲ್ಲ, ಅದರ ಮೇಲೆ ನಿಮ್ಮ ಹೆಸರು, ಪಕ್ಷದ ಚಿಹ್ನೆ ಎಲ್ಲ ಬಂದು ಗಿಡ ಅರ್ಧ ಮುಚ್ಚಿಹೋಗಿದೆ. ಕ್ಯಾಮೆರಾದಲ್ಲಿ ಇರುವ ಮೂಲ ಫೋಟೋ, ತಾರೀಖು ಸಮೇತ. ಹಿಂದೆ ನಿಮ್ಮದೊಂದು ಸಹಿ ಹಾಕಿ, "ಈ ಜಮೀನಿನಲ್ಲಿ ಬಾಳೆ ಇತ್ತು, ನಾನೇ ಕಣ್ಣಾರೆ ನೋಡಿದ್ದೇನೆ" ಅಂತ ಒಂದು ಸಾಲು ಬರೆದು ಕೊಡಿ. ಸೋಮವಾರ ಆಫೀಸಿಗೆ ಮತ್ತೆ ಹೋಗುತ್ತಿದ್ದೇನೆ. ಅಷ್ಟರಲ್ಲಿ ಸಿಕ್ಕರೆ ಅನುಕೂಲ.

ಇತಿ,
ಫೋಟೋದಲ್ಲಿ ಬಲಗಡೆ ಇರುವವನು