ಹಳೇ ಟೈಲ್ಸ್ ಒಡೆದು ಹಾಕಬೇಡಿ

ಮಾನ್ಯ ಸಂಪಾದಕರೇ,

ಸಕಲೇಶಪುರ, ಮೂಡಿಗೆರೆ ಕಡೆ ಹಳೆಯ ತೋಟದ ಮನೆಗಳು ಒಂದೊಂದಾಗಿ ಹೋಂಸ್ಟೇ ಆಗುತ್ತಿವೆ. ಆಗಲಿ, ಬೇಡ ಅನ್ನುವುದಿಲ್ಲ. ಆದರೆ ರಿಪೇರಿ ಹೆಸರಿನಲ್ಲಿ ಗೋಡೆಯ ಹೂಬಳ್ಳಿ ಟೈಲ್ಸ್‌ಗಳನ್ನು ಸುತ್ತಿಗೆಯಲ್ಲಿ ಕುಟ್ಟಿ ಟ್ರ್ಯಾಕ್ಟರ್‌ಗೆ ತುಂಬುತ್ತಾರಲ್ಲ, ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇಂಥದ್ದೇ ಸಾಮಾನನ್ನು ನೆದರ್ಲೆಂಡ್ಸ್‌ನವರು ಹೇಗೆ ಕಾಪಾಡಿಕೊಂಡಿದ್ದಾರೆ ನೋಡಿ. 17ನೇ ಶತಮಾನದಲ್ಲಿ ಅಲ್ಲಿ ಒಲೆಯ ಸುತ್ತ, ಗೋಡೆಯ ಬುಡದಲ್ಲಿ ಟೈಲ್ಸ್ ಕೂರಿಸುತ್ತಿದ್ದರು. ಬರೀ ಅಂದಕ್ಕಲ್ಲ, ತೇವಕ್ಕೆ, ಪೊರಕೆ ಏಟಿಗೆ ಗೋಡೆ ಹಾಳಾಗದಿರಲಿ ಅಂತ. ಸುಮಾರು 13 ಸೆಂ.ಮೀ. ಚೌಕ, ತವರ ಬೆರೆಸಿದ ಬಿಳಿ ಮೆರುಗು, ಅದರ ಮೇಲೆ ಕೋಬಾಲ್ಟ್ ನೀಲಿಯಲ್ಲಿ ಕೈಯಲ್ಲೇ ಬರೆದ ಹಡಗು, ಕುರಿ ಕಾಯುವವರು, ಆಟವಾಡುವ ಮಕ್ಕಳು. ಇವನ್ನು ಡೆಲ್ಫ್ಟ್ ಟೈಲ್ಸ್ ಅನ್ನುತ್ತಾರೆ; ಹೆಸರು ಡೆಲ್ಫ್ಟ್ ಊರಿನದ್ದಾದರೂ ರಾಟರ್‌ಡ್ಯಾಮ್, ಹಾರ್ಲಿಂಗನ್‌ನಲ್ಲೂ ಮಾಡುತ್ತಿದ್ದರು. ಒಟ್ಟರ್ಲೊ ಅನ್ನುವ ಹಳ್ಳಿಯಲ್ಲಿ ಟೈಲ್ಸ್‌ಗೆಂದೇ ಒಂದು ಮ್ಯೂಸಿಯಂ ಮಾಡಿದ್ದಾರೆ. ಅಷ್ಟು ದೂರ ಯಾಕೆ, ಉದಯಪುರದ ಅರಮನೆಯ ಚೀನಿ ಚಿತ್ರಶಾಲೆಯ ಗೋಡೆಗಳಲ್ಲೂ ಡಚ್ ಟೈಲ್ಸ್ ಇವೆ.

ಮಲೆನಾಡಿನವರು ಮುಖ್ಯವಾಗಿ ತಿಳಿಯಬೇಕಾದದ್ದು ಉಪ್ಪಿನ ಕಾಟ. ತೇವದ ಗೋಡೆಯ ಉಪ್ಪು ಟೈಲ್ಸ್ ಒಳಗೆ ಸೇರುತ್ತದೆ, ಒಣಗಿದಾಗ ಹರಳುಗಟ್ಟಿ ಮೆರುಗನ್ನು ಒಳಗಿನಿಂದಲೇ ತಳ್ಳಿ ಚಕ್ಕೆ ಚಕ್ಕೆಯಾಗಿ ಉದುರಿಸುತ್ತದೆ. ಅದಕ್ಕೇ ಮ್ಯೂಸಿಯಂಗಳಲ್ಲಿ ಟೈಲ್ಸ್‌ಗಳನ್ನು ಶುದ್ಧ ನೀರಿನಲ್ಲಿ ನೆನೆಹಾಕಿ, ನೀರು ಬದಲಿಸುತ್ತಾ ಉಪ್ಪು ಬಿಡಿಸುತ್ತಾರೆ, ಆಮೇಲೆ ಬೇಕೆಂದಾಗ ಬಿಚ್ಚಲು ಆಗುವ ಹಾಗೆ ಹಲಗೆಗೆ ಕೂರಿಸುತ್ತಾರೆ. ಸುಣ್ಣದ ಗಾರೆಯಲ್ಲಿ ಕೂತಿದ್ದರೆ ತೆಳು ಉಳಿ ಹಾಕಿ ನಿಧಾನವಾಗಿ ಬಿಡಿಸಬಹುದು. ಸಿಮೆಂಟ್ ಹಾಕಿ ಕೂರಿಸಿಬಿಟ್ಟರೆ ಗಾರೆಗಿಂತ ಮೊದಲು ಟೈಲ್ಸೇ ಒಡೆಯುತ್ತದೆ. ಹಾಗಾಗಿ ಹಳೆಯದಕ್ಕೆ ಸಿಮೆಂಟ್ ಬೇಡವೇ ಬೇಡ.

ಬಿಡಿಸಲೇಬೇಕು ಅಂತಿದ್ದರೆ ಮೊದಲು ಇಡೀ ಗೋಡೆಯ ಫೋಟೊ ತೆಗೆಯಿರಿ. ಪ್ರತಿ ಟೈಲ್ಸ್ ಹಿಂದೆ ಯಾವ ಗೋಡೆ, ಎಷ್ಟನೇ ಸಾಲು ಅಂತ ಪೆನ್ಸಿಲ್‌ನಲ್ಲಿ ಬರೆಯಿರಿ. ಯಾವ ಮನೆಯದ್ದು ಅಂತಲೇ ಗೊತ್ತಿಲ್ಲದ ಬಿಡಿ ಟೈಲ್ಸ್ ಮಾರುವವರಿಗೆ ಸಾಕು, ಊರಿನ ಕಥೆ ತಿಳಿಯಬೇಕಾದವರಿಗೆ ಸಾಲದು, ಅಲ್ವಾ?

ಹಳೇಬೀಡಿನಲ್ಲಿ ಹೊಯ್ಸಳರ ಶಿಲ್ಪಗಳಿಗೆ ಮ್ಯೂಸಿಯಂ ಇದೆ, ಸಂತೋಷ. ಜನ ಬಾಳಿದ ಮನೆಗಳ ಟೈಲ್ಸ್, ಕೆತ್ತನೆಯ ಬಾಗಿಲು, ಹಳೇ ಹಂಚುಗಳಿಗೆ ಹಾಸನದ ಸರ್ಕಾರಿ ಮ್ಯೂಸಿಯಂನಲ್ಲಿ ಒಂದು ಕೋಣೆ ಬಿಡಲಿ. ಸುಮ್ನೆ ಕೊಡಲು ಒಪ್ಪುವ ಮನೆಯವರು ಇದ್ದಾರೆ. ಎಲ್ಲಿಗೆ ತಂದು ಕೊಡಬೇಕು ಅನ್ನುವುದನ್ನು ಪುರಾತತ್ವ ಇಲಾಖೆಯವರು ನಿಮ್ಮ ಪತ್ರಿಕೆಯ ಮೂಲಕವೇ ತಿಳಿಸಲಿ.

– ಒಬ್ಬ ಓದುಗ, ಸಕಲೇಶಪುರ