ಮಡಚುವ ಚಾಕು: ಉಕ್ಕಿನ ಜೊತೆಗೆ ಸಾಣೆಕಲ್ಲನ್ನೂ ನೋಡಿ

ಮಾನ್ಯ ಸಂಪಾದಕರೇ,

ರೈತರು ಮತ್ತು ಕೂಲಿಕಾರ್ಮಿಕರು ಜೇಬಿನಲ್ಲಿ ಇಟ್ಟುಕೊಳ್ಳಬಹುದಾದ ಸಣ್ಣ ಸಲಕರಣೆಗಳ ಬಗ್ಗೆ ತಮ್ಮ ಕೃಷಿ ಪುರವಣಿಯಲ್ಲಿ ಇತ್ತೀಚೆಗೆ ಬಂದ ಲೇಖನದಲ್ಲಿ, ಮಡಚುವ ಚಾಕು ಕೊಳ್ಳುವವರು ಎಲ್ಲಕ್ಕಿಂತ ಗಟ್ಟಿ ಉಕ್ಕಿನದನ್ನೇ ಆರಿಸಬೇಕು ಎಂಬ ಸಲಹೆ ಇತ್ತು. ಲೇಖನದ ಉಳಿದ ಮಾತುಗಳಿಗೆ ನನ್ನ ತಕರಾರಿಲ್ಲ. ಬೇಳೆ ಗಿರಣಿಯಲ್ಲಿ ಯಂತ್ರಗಳ ದುರಸ್ತಿ ನೋಡಿಕೊಳ್ಳುತ್ತ, ಹಮಾಲರ ಚಾಕುಗಳಿಗೆ ಸಾಣೆ ಹಿಡಿದು ಕೊಡುವ ಕೆಲಸವನ್ನೂ ಮಾಡುವ ನನಗೆ ಈ ಒಂದು ಸಲಹೆ ಮಾತ್ರ ಸರಿಕಾಣಲಿಲ್ಲ. ತನ್ನ ಮನೆಯಲ್ಲಿರುವ ಕಲ್ಲಿನಿಂದ ಮತ್ತೆ ಹರಿತ ಮಾಡಿಕೊಳ್ಳಲಾಗದ ಉಕ್ಕು ಎಷ್ಟೇ ಶ್ರೇಷ್ಠವಾಗಿದ್ದರೂ ನಮ್ಮ ಭಾಗದ ದುಡಿಯುವವನಿಗೆ ತಕ್ಕುದಲ್ಲ ಎಂಬುದು ನನ್ನ ಅಭಿಪ್ರಾಯ.

ಚಾಕುವಿನ ಉಕ್ಕಿನ ಗಟ್ಟಿತನವನ್ನು ರಾಕ್‌ವೆಲ್ ಸಿ ಎಂಬ ಮಾಪನದಲ್ಲಿ ಹೇಳುತ್ತಾರೆ; ಅಂಕಿ ಹೆಚ್ಚಿದಷ್ಟೂ ಉಕ್ಕು ಗಟ್ಟಿ. ಅಗ್ಗದ ಚಾಕುಗಳಲ್ಲಿ ಕಾಣುವ, 420 ಎಂಬ ಹೆಸರಿನ ಉಕ್ಕು 52ರಿಂದ 55ರ ಆಸುಪಾಸಿನಲ್ಲಿರುತ್ತದೆ. ಆನ್‌ಲೈನ್‌ನಲ್ಲಿ ಹೇರಳವಾಗಿ ಮಾರಾಟವಾಗುವ ಚೀನಾದ 8ಸಿಆರ್13ಎಂಒವಿ ಎಂಬ ಉಕ್ಕು ಸುಮಾರು 57ರಿಂದ 59, ಡಿ2 ಎಂಬುದು 60ರ ಹತ್ತಿರ. ಆದರೆ ಈ ಅಂಕಿ ಉಕ್ಕಿನ ಹೆಸರಿನಿಂದ ತಾನಾಗಿ ಬರುವುದಿಲ್ಲ. ಕಾಯಿಸಿ, ಅದ್ದಿ, ಮತ್ತೆ ಹದವಾಗಿ ಕಾಯಿಸುವ ಕೆಲಸ ಕೆಟ್ಟರೆ ಒಳ್ಳೆಯ ಹೆಸರಿನ ಉಕ್ಕೂ ಮೆತ್ತಗಾಗುತ್ತದೆ ಇಲ್ಲವೇ ಗಾಜಿನಂತೆ ಸಿಡಿಯುತ್ತದೆ. ಕೊಂಡ ಮೇಲೆ ಇದನ್ನು ಪರೀಕ್ಷಿಸುವ ಹಳೆಯ ಉಪಾಯ ನಮ್ಮ ಕಂಬಾರರಿಗೆಲ್ಲ ಗೊತ್ತು. ಅಲಗಿನ ಬೆನ್ನಿನ ಮೇಲೆ, ಹಿಡಿಕೆಯ ಸಮೀಪ, ಹೊಸ ಅರವನ್ನು ಹಗುರವಾಗಿ ಎಳೆದರೆ ಹದವಾದ ಉಕ್ಕಿನ ಮೇಲೆ ಅದು ಜಾರುತ್ತದೆ, ಮೆತ್ತನೆಯದನ್ನು ಕಚ್ಚಿ ಪುಡಿ ಉದುರಿಸುತ್ತದೆ.

ಡಿ2 ವಿಷಯದಲ್ಲಿ ಲೇಖನವು ಅದನ್ನು ತುಕ್ಕು ಹಿಡಿಯದ ಉಕ್ಕುಗಳ ಸಾಲಿಗೆ ಸೇರಿಸಿದ್ದನ್ನೂ ತಿದ್ದಬೇಕಾಗಿದೆ. ಅದರಲ್ಲಿ ಶೇ 12ರಷ್ಟು ಕ್ರೋಮಿಯಂ ಇರುವುದು ನಿಜ. ಆದರೆ ಶೇ 1.5ರಷ್ಟಿರುವ ಇಂಗಾಲವು ಆ ಕ್ರೋಮಿಯಂನ ದೊಡ್ಡ ಪಾಲನ್ನು ಹಿಡಿದುಕೊಂಡು ಕಾರ್ಬೈಡ್ ಎಂಬ ಬಲು ಗಟ್ಟಿಯಾದ ಕಣಗಳಾಗಿ ಕೂತುಬಿಡುವುದರಿಂದ, ಮೇಲ್ಮೈಯನ್ನು ತುಕ್ಕಿನಿಂದ ಕಾಯಲು ಉಳಿಯುವ ಕ್ರೋಮಿಯಂ ಕಡಿಮೆ. ಬೆವರು ತಾಗಿದ ಡಿ2 ಚಾಕುವನ್ನು ಒರೆಸದೆ ಇಟ್ಟರೆ ಅಲಗಿನ ಮೇಲೆ ಕಂದು ಚುಕ್ಕೆಗಳು ಏಳುತ್ತವೆ. ಅದೇ ಕಣಗಳಿಂದಾಗಿಯೇ ಡಿ2 ಸವೆತ ತಡೆಯುವುದೂ ಹೌದು, ತಗಡು ಮೀಟಲು ಹೋದರೆ ಅದರ ಅಂಚು ಚಕ್ಕೆ ಏಳುವುದೂ ಹೌದು.

ಬರೀ ಇಂಗಾಲದ, ಅಂದರೆ ತುಕ್ಕು ತಡೆಯುವಷ್ಟು ಕ್ರೋಮಿಯಂ ಇಲ್ಲದ, ಉಕ್ಕಿನ ಚಾಕುಗಳನ್ನು ಹಳೆಯ ಕಾಲದವೆಂದು ಲೇಖನ ಬದಿಗಿಟ್ಟಿದೆ. ಫ್ರಾನ್ಸಿನಲ್ಲಿ 1890ರಿಂದ ತಯಾರಾಗುತ್ತಿರುವ ಒಪಿನೆಲ್ ಮಡಚು ಚಾಕು ಇಂದಿಗೂ ಎರಡು ಬಗೆಯಲ್ಲಿ ಸಿಗುತ್ತದೆ: ಒಂದು ಸುಮಾರು ಶೇ 0.9ರಷ್ಟು ಇಂಗಾಲವಿರುವ ಉಕ್ಕಿನದು, ಇನ್ನೊಂದು 12ಸಿ27 ಎಂಬ ತುಕ್ಕು ಹಿಡಿಯದ ಉಕ್ಕಿನದು. ಹಿಡಿಕೆ ಮತ್ತು ಆಕಾರ ಒಂದೇ ಆಗಿರುವುದರಿಂದ ಉಕ್ಕಿನ ವ್ಯತ್ಯಾಸವಷ್ಟೇ ಕೈಗೆ ತಿಳಿಯುತ್ತದೆ. ಮೊದಲನೆಯದು ಕಲ್ಲಿನ ಮೇಲೆ ಬೇಗ ಹರಿತವಾಗುತ್ತದೆ, ಮಾವು, ನಿಂಬೆ, ಉಳ್ಳಾಗಡ್ಡಿ ಹೆಚ್ಚಿದರೆ ಬೂದುಗಪ್ಪಾಗುತ್ತದೆ. ಈ ಕಪ್ಪು ಕೇಡಲ್ಲ. ಕೆಂಪು ತುಕ್ಕೇ ಬೇರೆ. ವರ್ಷದ ಬಹುಭಾಗ ಒಣಹವೆ ಇರುವ ಕಲಬುರಗಿ, ಯಾದಗಿರಿ ಕಡೆ ಒರೆಸಿ ಮಡಚುವ ರೂಢಿಯಿದ್ದವರಿಗೆ ಇಂಗಾಲದ ಉಕ್ಕು ಹೊರೆಯಾಗುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಎಣ್ಣೆಯ ಲೇಪ ಬೇಕು, ಅದೂ ಮನೆಯಲ್ಲಿರುವ ಕುಸುಬಿ ಎಣ್ಣೆಯಾಗಬಾರದು. ಅದು ಗಾಳಿಗೆ ಅಂಟಂಟಾಗಿ ಗಟ್ಟಿಯಾಗುವ ಜಾತಿಯದಾದ್ದರಿಂದ ಚಾಕುವಿನ ಕೀಲು ಬಿಗಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಹನಿಯಷ್ಟು ಸಾಕು.

ಇನ್ನು ಕೆಲಸದ ಮಾತು. ನಮ್ಮ ಗಿರಣಿಯಲ್ಲಿ ಚಾಕುವಿನ ಮುಖ್ಯ ಕೆಲಸವೆಂದರೆ ತೊಗರಿ ಚೀಲದ ಬಾಯಿಯ ಸುತಳಿ ಕೊಯ್ಯುವುದು. ಸುತಳಿಯ ನಾರು ಮೆತ್ತಗಿದ್ದರೂ ಅದಕ್ಕೆ ಅಂಟಿಕೊಂಡ ಹೊಲದ ಧೂಳಿನಲ್ಲಿ ಉಕ್ಕಿಗಿಂತ ಗಟ್ಟಿಯಾದ ಮರಳಿನ ಕಣಗಳಿರುವುದರಿಂದ, ಯಾವ ಉಕ್ಕಿನ ಅಂಚೂ ಸುಗ್ಗಿಯ ದಿನಗಳಲ್ಲಿ ಸಂಜೆಯ ಹೊತ್ತಿಗೆ ಮೊಂಡಾಗುತ್ತದೆ. ಆಗ ಹಮಾಲರಲ್ಲಿ ಹಲವರು ಮಾಡುವುದೇನೆಂದರೆ, ಗೋದಾಮಿನ ಕಟ್ಟೆಯ ಶಹಾಬಾದಿ ಫರ್ಸಿಯ ಅಂಚಿಗೆ ನಾಲ್ಕು ಸಲ ತಿಕ್ಕುವುದು. ಫರ್ಸಿ ಸುಣ್ಣದ ಕಲ್ಲು; ಅದರ ಮುಖ್ಯ ಖನಿಜ ಹದ ಹಾಕಿದ ಉಕ್ಕಿಗಿಂತ ಬಹಳ ಮೆತ್ತಗಿನದು. 420ರಂಥ ಮೆತ್ತನೆಯ ಅಲಗಿನ, ಬಳಕೆಯಲ್ಲಿ ಬಾಗಿದ ಅಂಚು ಅದರಿಂದ ತುಸು ನೆಟ್ಟಗಾಗಿ ಹರಿತ ಬಂದಂತೆ ಭಾಸವಾಗಬಹುದು, ಡಿ2ಗೆ ಅಷ್ಟೂ ಆಗುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕಾರ್ಬೊರಂಡಮ್ (ಸಿಲಿಕಾನ್ ಕಾರ್ಬೈಡ್) ಸಾಣೆಕಲ್ಲು ಕ್ರೋಮಿಯಂ ಕಾರ್ಬೈಡನ್ನೂ ಸವೆಸುವಷ್ಟು ಗಟ್ಟಿಯಿರುವುದರಿಂದ ಡಿ2 ತನಕ ನಡೆದೀತು, ಹೊತ್ತು ಹಿಡಿಯುತ್ತದೆ. ಲೇಖನ ಬಾಯ್ತುಂಬ ಹೊಗಳಿದ ಎಸ್30ವಿ, ಎಂ390 ಎಂಬ ದುಬಾರಿ ಪುಡಿ ಉಕ್ಕುಗಳಲ್ಲಿ (ಉಕ್ಕಿನ ಪುಡಿಯನ್ನು ಒತ್ತಿ ಮಾಡಿದವು) ಶೇ 4ರಷ್ಟು ವೆನೇಡಿಯಂ ಎಂಬ ಲೋಹ ಇದ್ದು, ಅದರ ಕಾರ್ಬೈಡ್ ಕಣಗಳು ಆ ಕಲ್ಲಿಗೂ ಸುಲಭವಾಗಿ ಬಗ್ಗುವುದಿಲ್ಲ. ವಜ್ರದ ಪುಡಿ ಕೂರಿಸಿದ ಫಲಕವೇ ಬೇಕು. ಅಂಥ ಚಾಕು ಕೊಂಡವರು ಆ ಫಲಕದ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಬೇಕು.

ಅಲಗು ಅಂಚಿನ ಹಿಂದೆ ಎಷ್ಟು ತೆಳ್ಳಗಿದೆ ಎಂಬುದನ್ನು ಲೇಖನ ಪ್ರಸ್ತಾಪಿಸಿಯೇ ಇಲ್ಲ. ದಪ್ಪ ಅಲಗಿನ ಎಂ390ಗಿಂತ ತೆಳು ಅಲಗಿನ ಸಾಧಾರಣ ಉಕ್ಕು ಹಣ್ಣನ್ನೂ ಹಗ್ಗವನ್ನೂ ಸರಾಗವಾಗಿ ಕೊಯ್ಯುತ್ತದೆ.

ಆದ್ದರಿಂದ ಸಾಧಾರಣ ಕಲ್ಲೊಂದೇ ಇರುವವರು 12ಸಿ27 ಅಥವಾ 8ಸಿಆರ್13ಎಂಒವಿ ಮಟ್ಟದ ಉಕ್ಕನ್ನು, ಒರೆಸುವ ಶಿಸ್ತಿದ್ದವರು ಇಂಗಾಲದ ಉಕ್ಕನ್ನು ಕೊಳ್ಳುವುದು ಲೇಸೆಂದು ನನಗನ್ನಿಸುತ್ತದೆ. ಜಾತ್ರೆ, ಸಂತೆಗಳಲ್ಲಿ ಬರೀ ‘ಸ್ಟೇನ್‌ಲೆಸ್’ ಎಂಬ ಮುದ್ರೆಯೊಂದಿಗೆ ಮಾರುವ ಚಾಕುಗಳ ಉಕ್ಕು ಯಾವುದೆಂದು ಅಂಗಡಿಯವರೇ ಹೇಳಲಾರರು. ತಯಾರಕರು ಉಕ್ಕಿನ ಹೆಸರು, ಗಟ್ಟಿತನದ ಅಂಕಿ ಎರಡನ್ನೂ ಪೊಟ್ಟಣದ ಮೇಲೆ ನಮೂದಿಸುವಂತೆ ತಮ್ಮ ಪತ್ರಿಕೆ ಒತ್ತಾಯಿಸಿದರೆ ಉಪಕಾರವಾದೀತು.

ಲೇಖನದ ಜೊತೆ ಅಚ್ಚಾದ ಚಿತ್ರದಲ್ಲಿ ಅಲೆಯಲೆಯಾದ ವಿನ್ಯಾಸದ ‘ಡಮಾಸ್ಕಸ್’ ಅಲಗು ಇದ್ದು, ಆ ವಿನ್ಯಾಸವೇ ಗಟ್ಟಿತನದ ಗುರುತೆಂದು ಕೆಳಗೆ ಬರೆಯಲಾಗಿದೆ. ಈಗ ಮಾರಾಟವಾಗುವ ಇಂಥ ಅಲಗುಗಳಲ್ಲಿ ಸಾಮಾನ್ಯವಾಗಿ ಬೇರೆ ಬೇರೆ ಉಕ್ಕುಗಳನ್ನು ಕಾಯಿಸಿ ಬೆಸೆದು ಆಮ್ಲದಲ್ಲಿ ಅದ್ದಿ ಅಲೆ ಮೂಡಿಸುತ್ತಾರೆ. ಕೆಲವದರಲ್ಲಿ ಅಲೆ ಮೇಲ್ಮೈಗೆ ಅಚ್ಚೊತ್ತಿದ್ದಷ್ಟೇ. ಎರಡರಲ್ಲಿಯೂ ಅದು ಗಟ್ಟಿತನವನ್ನು ಸೂಚಿಸುವುದಿಲ್ಲವಾದ್ದರಿಂದ, ಡಿ2 ಕುರಿತ ಮಾತಿನೊಂದಿಗೆ ಈ ಚಿತ್ರವಿವರಣೆಯನ್ನೂ ಮುಂದಿನ ಪುರವಣಿಯಲ್ಲಿ ತಿದ್ದಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ,
ತಮ್ಮ ಓದುಗ,
ಕಲಬುರಗಿ